ಮುಯ್ಯಾಳಿನ ಹನ್ನೊಂದು ದಿನ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಆರು ವಾರಗಳಲ್ಲಿ ನಾನು ಮಾಡಿದ್ದನ್ನು ಧೈರ್ಯ ಎಂದು ಹೊಗಳಿದವರಿದ್ದಾರೆ. ಅದರಲ್ಲಿ ಮುಕ್ಕಾಲು ಪಾಲು ಸಿಟ್ಟೇ ಇತ್ತು, ಅದೂ ನನ್ನ ಮೇಲೆಯೇ.

ಎಂ.ಎ. ಮೊದಲ ವರ್ಷ ಮುಗಿಸಿ ನಾನು ಓದು ಬಿಟ್ಟಿದ್ದೆ. ಅಪ್ಪ ಟ್ರಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮನೆಯಲ್ಲಿ ನಾಲ್ಕು ಹಸು, ಗದ್ದೆ, ಹೊಲ, ಎಲ್ಲಕ್ಕೂ ಅವ್ವ ಒಬ್ಬಳೇ. ಒಂದು ವರ್ಷದ ಮಟ್ಟಿಗೆ ಎಂದು ಬಿಟ್ಟದ್ದು ನಾಲ್ಕು ವರ್ಷವಾಯಿತು. ಅಪ್ಪ ಕೋಲು ಬಿಟ್ಟು ನಡೆಯುವಂತಾದ ಮೇಲೆ ವಾಪಸು ಹೋದಾಗ ಕಚೇರಿಯ ಗುಮಾಸ್ತರು ನನ್ನ ಕಡತ ತಿರುವಿ, “ಈ ವರ್ಷದೊಳಗೆ ಎಲ್ಲಾ ಪಾಸಾಗಬೇಕಮ್ಮ. ಒಂದೇ ಒಂದು ಉಳಿದರೂ ನೋಂದಣಿ ರದ್ದಾಗುತ್ತೆ, ಮತ್ತೆ ಮೊದಲಿಂದ ಸೇರಬೇಕು” ಎಂದರು. ಮೊದಲಿಂದ ಸೇರುವ ಪ್ರಶ್ನೆಯೇ ಇರಲಿಲ್ಲ. ಹಲ್ಲು ಕಚ್ಚಿ ಒಂದೊಂದೇ ಪರೀಕ್ಷೆ ಮುಗಿಸಿದೆ. ಕೊನೆಗೆ ಉಳಿದದ್ದು ಆರು ವಾರದ ಸಂಶೋಧನಾ ಕೋರ್ಸು.

ಅದರ ನಿಯಮ ಸರಳವಾಗಿತ್ತು. ಬೇರೆ ಬೇರೆ ವಿಭಾಗದ ನಾಲ್ವರನ್ನು ಒಂದು ಗುಂಪು ಮಾಡುತ್ತಾರೆ. ಆ ಆರು ವಾರ ಬೇರೆ ತರಗತಿ ಇಲ್ಲ, ಬೇರೆ ಓದಿಲ್ಲ. ಒಂದೇ ಪ್ರಶ್ನೆ ಹಿಡಿದು ಊರೂರು ತಿರುಗಬೇಕು, ನಾಲ್ವರೂ ಸೇರಿ ಒಂದು ವರದಿ ಬರೆಯಬೇಕು, ಮೂವರು ಪರೀಕ್ಷಕರ ಮುಂದೆ ನಿಂತು ಉತ್ತರ ಹೇಳಬೇಕು. ಅಂಕ ನಾಲ್ವರಿಗೂ ಒಂದೇ. ಮನೆಮನೆಯಲ್ಲಿ ಕೇಳಿ ತುಂಬಿದ ಪ್ರಶ್ನೆಯ ಹಾಳೆಗಳು ನೂರೈವತ್ತಕ್ಕೆ ಕಡಿಮೆ ಇರಬಾರದು. ಕಡಿಮೆಯಾದರೆ ಫೇಲು ಮಾಡುವ ಅಧಿಕಾರ ಪರೀಕ್ಷಕರಿಗಿತ್ತು.

ನಮ್ಮ ಗುಂಪಿನವರೆಲ್ಲ ಅಕ್ಕಪಕ್ಕದ ತಾಲ್ಲೂಕಿನವರು. ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು, ಇಲ್ಲೂ ಹಾಗೆಯೇ ಇರಲಿ. ಪಾಂಡವಪುರದವನು ಚಿನಕುರಳಿಯ ರೈತರ ಮನೆಯವನು. ಅರ್ಥಶಾಸ್ತ್ರದಲ್ಲಿ ಮೊದಲ ರ‍್ಯಾಂಕಿನ ಮೇಲೆ ಕಣ್ಣಿಟ್ಟಿದ್ದ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ನಾಗಮಂಗಲದವನಿಗೆ ಮಾತು ಕಡಿಮೆ, ಗುಂಪಿನಲ್ಲಿ ಬೈಕು ಇದ್ದದ್ದು ಅವನೊಬ್ಬನಿಗೇ. ಶ್ರೀರಂಗಪಟ್ಟಣದವಳದು ದೇವಸ್ಥಾನದ ಪೂಜೆ ಮಾಡುವ ಮನೆತನ, ತಂದೆ ಮೇಷ್ಟ್ರು. ಅವಳ ಅಕ್ಷರ ಎಷ್ಟು ಅಚ್ಚುಕಟ್ಟೆಂದರೆ ವರದಿ ಬರೆಯುವ ಕೆಲಸ ಮೊದಲ ದಿನವೇ ಅವಳ ತಲೆಗೆ ಬಿತ್ತು. ನಾನು ಕೆ.ಆರ್. ಪೇಟೆಯವಳು, ಸಿಂಧಘಟ್ಟದ ಪಕ್ಕದ ಊರು. ಉಳಿದವರಿಗಿಂತ ನಾಲ್ಕೈದು ವರ್ಷ ದೊಡ್ಡವಳಾದ್ದರಿಂದ ಮೂವರಿಗೂ ಅಕ್ಕನಾದೆ.

ನಾವು ಆರಿಸಿಕೊಂಡ ಪ್ರಶ್ನೆ, ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಗದ್ದೆ ಹೊಲದ ಕೆಲಸವನ್ನು ಈಗ ಯಾರು ಮಾಡುತ್ತಾರೆ ಎಂಬುದು. ನಾಟಿ ಮಾಡುವ ಯಂತ್ರ ಬಂದಿದೆ, ಕೊಯ್ಯುವ ಯಂತ್ರ ಬಂದಿದೆ, ಕೂಲಿಯವರು ಸಿಗುವುದಿಲ್ಲ ಎಂಬ ಮಾತು ಎಲ್ಲ ಕಟ್ಟೆಯ ಮೇಲೂ ಇದೆ. ಹಾಗಾದರೆ ಭತ್ತ ರಾಗಿ ಹೇಗೆ ಬೆಳೆಯುತ್ತಿದೆ? ನಮ್ಮ ಮಾರ್ಗದರ್ಶಕರಿಗೆ ಈ ಪ್ರಶ್ನೆ ಹಿಡಿಸಿತು. ನಾಲೆಗೆ ನೀರು ಬಿಟ್ಟು ನಾಟಿ ಶುರುವಾಗಿದ್ದ ಹೊತ್ತು ಅದು. ಪಾಂಡವಪುರದಲ್ಲಿ ಒಂದು ಕೋಣೆ ಹಿಡಿದು, ಬೆಳಿಗ್ಗೆ ಇಬ್ಬಿಬ್ಬರಾಗಿ ಹೊರಡುವುದು, ಸಂಜೆ ಬಂದು ಹಾಳೆ ಜೋಡಿಸುವುದು, ಹೀಗೆ ಸಾಗಿತು. ಮೂರು ವಾರದಲ್ಲಿ ನೂರ ಅರವತ್ತು ಹಾಳೆ ತುಂಬಿದ್ದೆವು. ಬೇರೆ ಗುಂಪುಗಳು ಇನ್ನೂ ಎಂಬತ್ತು ತೊಂಬತ್ತರಲ್ಲಿ ತಿಣುಕುತ್ತಿದ್ದವು. ಪಾಂಡವಪುರದವನು ಎಲ್ಲರಿಗೂ ಫೋನು ಮಾಡಿ ನಮ್ಮ ಲೆಕ್ಕ ಹೇಳಿ ಅವರ ಹೊಟ್ಟೆ ಉರಿಸುತ್ತಿದ್ದ. ನನಗೂ ಒಳಗೊಳಗೇ ಜಂಬ. ಇನ್ನೇನು ದಡ ಸೇರಿದೆ ಅಂದುಕೊಂಡಿದ್ದೆ.

ನಾಲ್ಕನೆಯ ವಾರದ ಕೊನೆಯ ದಿನ ಸಂಜೆ ಅವ್ವನಿಗೆ ಫೋನು ಮಾಡಿದೆ. ಮಧ್ಯಾಹ್ನದಿಂದ ಮೂರು ಸಲ ಮಾಡಿದ್ದೆ, ಎತ್ತಿರಲಿಲ್ಲ.

“ಎಲ್ಲೋಗಿದ್ದವ್ವ? ಎಷ್ಟ್ ಸಲ ಮಾಡದು?”

“ನಾಟಿಗೋಗಿದ್ದೆ ಕಣವ್ವ, ಮೂಡ್ಲ ಗದ್ದೆಗೆ.”

ಅದು ನೆರೆಮನೆಯವರ ಗದ್ದೆ, ನಮ್ಮದಲ್ಲ. “ಅವ್ರ ಗದ್ದೆಗಾ? ಕೂಲಿಗಾ?” ಎಂದುಬಿಟ್ಟೆ. ನಾಲ್ಕು ವಾರದಿಂದ ದಿನಾ ಬರೆದೂ ಬರೆದೂ ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಅವ್ವನ ದನಿ ಗಡುಸಾಯಿತು. “ಕೂಲಿಗ್ಯಾಕೋಗ್ಲಿ ನಾನು? ಮುಯ್ಯಾಳಿಗೋಗಿದ್ದೆ. ಅವ್ರು ಮೊನ್ನೆ ನಮ್ಗೆ ಬಂದಿರ್ಲಿಲ್ವಾ? ಓದಿ ಓದಿ ಎಲ್ಲ ಮರ್ತ್‌ಬುಟ್ಟಾ?”

ಫೋನು ಇಟ್ಟೆ. ಮುಯ್ಯಾಳು ಅಂದರೆ ಆಳಿಗೆ ಆಳು. ಇವತ್ತು ನೀನು ನನ್ನ ಗದ್ದೆಗೆ ಬಂದರೆ ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ಎಂಟು ಹತ್ತು ಮನೆಯ ಹೆಂಗಸರು ಸೇರಿ ಒಬ್ಬೊಬ್ಬರ ಗದ್ದೆಯನ್ನು ಒಂದೊಂದು ದಿನ ಮುಗಿಸುತ್ತಾ ಹೋಗುತ್ತಾರೆ. ಅಂದಿನ ಊಟ ಗದ್ದೆಯವರ ಮನೆಯದು. ಕೂಲಿ ಇಲ್ಲ, ಬರವಣಿಗೆ ಇಲ್ಲ. ನಾನು ಹುಟ್ಟಿದಾಗಿನಿಂದ ಕಂಡ ಸಂಗತಿ ಇದು, ಓದು ಬಿಟ್ಟಿದ್ದ ನಾಲ್ಕು ವರ್ಷ ನಾನೇ ಹೋಗಿದ್ದೇನೆ. ನಮ್ಮ ಪ್ರಶ್ನೆಯ ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ‘ಮನೆಯ ಹೆಂಗಸರ ಉದ್ಯೋಗ’ ಎಂದಿತ್ತು. ‘ಬೇರೆಯವರ ಗದ್ದೆಗೆ ಕೂಲಿಗೆ ಹೋಗುತ್ತಾರೆಯೇ’ ಎಂದಿತ್ತು. ಮೊದಲನೆಯದಕ್ಕೆ ಗೃಹಿಣಿ, ಎರಡನೆಯದಕ್ಕೆ ಇಲ್ಲ.

ಬೇರೆ ಸೀಮೆಯವರು ಬಂದಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಅವರು ‘ಬೆಳಿಗ್ಗೆ ಎದ್ದು ಏನೇನು ಮಾಡುತ್ತೀರಿ’ ಎಂದು ಕೇಳುತ್ತಿದ್ದರು. ನಾವು ಆ ಮನೆಗಳಲ್ಲೇ ಹುಟ್ಟಿದವರು. ಜಮೀನಿರುವ ಮನೆಯ ಹೆಂಗಸನ್ನು ಕೂಲಿಗೆ ಹೋಗುತ್ತೀರಾ ಎಂದು ಕೇಳಿದರೆ ಮುಖ ಕೆಂಪಾಗುತ್ತದೆಂದು ನಮಗೆ ಗೊತ್ತು. ಆದ್ದರಿಂದ ಆ ಪ್ರಶ್ನೆ ಬಂದಾಗ ದನಿ ತಗ್ಗಿಸಿ, ನಾವೇ ತಲೆ ಅಲ್ಲಾಡಿಸಿ, ‘ಇಲ್ಲ’ಕ್ಕೆ ಗುರುತು ಹಾಕಿ ಮುಂದೆ ಹೋಗುತ್ತಿದ್ದೆವು. ನನ್ನ ನಲವತ್ತು ಹಾಳೆಗಳನ್ನು ಎತ್ತಿಕೊಂಡು ನೋಡಿದೆ. ಎಷ್ಟೋ ಮನೆಯಲ್ಲಿ ನಾನು ಕೇಳಿಯೇ ಇರಲಿಲ್ಲ. ಹಿತ್ತಲಿನಿಂದ ಕೈಗೆ ಮೆತ್ತಿದ ಕೆಸರು ತೊಳೆದುಕೊಂಡು ಬಂದು ಜಗಲಿಯ ಮೇಲೆ ಕೂತ ಹೆಂಗಸನ್ನು ಎದುರಿಗಿಟ್ಟುಕೊಂಡು ಗೃಹಿಣಿ ಎಂದು ಬರೆದಿದ್ದೆ. ಶಾಲೆಗೆ ಸೇರಿದ ದಿನದಿಂದ ನನ್ನ ಎಲ್ಲ ಅರ್ಜಿಗಳಲ್ಲೂ ಅವ್ವನ ಹೆಸರಿನ ಮುಂದೆ ಅದನ್ನೇ ಬರೆದಿದ್ದೇನೆ.

ಮಾರನೆಯ ಬೆಳಿಗ್ಗೆ ಮೂವರನ್ನೂ ಕೂರಿಸಿ ಹೇಳಿದೆ. ಜಮೀನಿಲ್ಲದ ಮನೆಗಳ ಮೂವತ್ತೊಂದು ಹಾಳೆ ಸರಿಯಿವೆ, ಅವರು ಕೂಲಿಗೆ ಹೋಗುತ್ತೇವೆಂದು ಬಾಯಿಬಿಟ್ಟು ಹೇಳಿದ್ದಾರೆ. ಉಳಿದವೆಲ್ಲ ಸುಳ್ಳು. ಮತ್ತೆ ಕೇಳಬೇಕು.

ಪಾಂಡವಪುರದವನು ಮೊದಲು ನಕ್ಕ. ಆಮೇಲೆ ನನ್ನ ಮುಖ ನೋಡಿದ. “ಅಕ್ಕ, ವರದಿ ಕೊಡಾಕೆ ಇರದು ಹನ್ನೊಂದು ದಿನ. ಎಲ್ಲಾ ಬಿಸಾಕಿ ಮತ್ತೆ ತುಂಬಕಾಯ್ತದಾ? ಮುಯ್ಯಾಳು ವಿಷ್ಯ ನಮ್ಗೆಲ್ಲ ಗೊತ್ತಿರದೆ ಅಲ್ವಾ. ಇಲ್ಲೇ ಕೂತು ನಾವೇ ತಿದ್ಬುಡಾಣ ಬುಡು.”

“ಗೊತ್ತೈತೆ ಅಂತ್ಲೇ ಕಣಪ್ಪ ತಪ್ಪಾಗಿದ್ದು,” ಎಂದೆ.

“ನೂರೈವತ್ತು ಆಗ್ದಿದ್ರೆ ಫೇಲ್ ಮಾಡ್ತಾರೆ. ನಾವಾದ್ರೆ ಮುಂದಿನ ವರ್ಸ ಮಾಡ್ಕತೀವಿ. ನಿಂಗೆ ಮುಂದಿನ ವರ್ಸ ಇಲ್ಲ ಕಣಕ್ಕ.”

ಅವನು ಹೇಳಿದ್ದು ನಿಜ. ಆದರೆ ಅಷ್ಟು ಹೊತ್ತಿಗೆ ನನ್ನ ಸಿಟ್ಟು ನೆತ್ತಿಗೇರಿತ್ತು. “ಫೇಲಾದ್ರೆ ಕೇಳಿ ಬರ್ದಿರೋ ಹಾಳೆ ಇಟ್ಕಂಡು ಫೇಲಾಯ್ತೀನಿ. ಈ ಹಾಳೆ ಇಟ್ಕಂಡು ಪಾಸಾಗಕಿಲ್ಲ” ಎಂದೆ. ಶ್ರೀರಂಗಪಟ್ಟಣದವಳು ಒಂದೊಂದೇ ಹಾಳೆ ಮಗುಚುತ್ತಾ, “ಅಕ್ಕ ಹೇಳೋದು ಸರಿ ಅನ್ನಿಸುತ್ತೆ. ಇದನ್ನ ಬರೆಯೋಕೆ ನನಗೂ ಕೈ ಬರಲ್ಲ ಇನ್ನು” ಅಂದಳು. ನಾಗಮಂಗಲದವನು ಬೈಕಿನ ಕೀಲಿ ತೆಗೆದುಕೊಂಡು ಎದ್ದು ನಿಂತ. ಪಾಂಡವಪುರದವನು ಒಬ್ಬಂಟಿಯಾದ. ಬಂದ, ಆದರೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮಾರ್ಗದರ್ಶಕರಿಗೆ ಫೋನಿನಲ್ಲಿ ತಿಳಿಸಿದೆ. ಅವರು, “ನಿಯಮ ಬದಲಾಯಿಸೋದು ನನ್ನ ಕೈಲಿಲ್ಲಮ್ಮ. ನಿಮ್ಮ ಜವಾಬ್ದಾರಿ ಮೇಲೆ ಮಾಡಿ” ಎಂದರು. ಬೇಡ ಎನ್ನಲಿಲ್ಲ, ಅಷ್ಟೇ ಸಾಕಾಯಿತು.

ಮತ್ತೆ ಮನೆಗಳಿಗೆ ಹೋದರೆ ಹೆಂಗಸರೇ ಇಲ್ಲ. ಹಗಲೆಲ್ಲ ಗದ್ದೆ, ಸಂಜೆ ಡೈರಿಗೆ ಹಾಲು, ಒಲೆ, ಊಟ. ಹಳೆಯ ಹಾಳೆಗಳಲ್ಲಿದ್ದ ಫೋನ್ ನಂಬರುಗಳೆಲ್ಲ ಗಂಡಸರವು. ಒಬ್ಬರು, “ನಮ್ಮನೇವ್ಳ ಕೇಳಿ ಏನ್ ಮಾಡೀಯವ್ವ, ನಾನೇ ಯೋಳ್ತೀನಿ ಬರ್ಕೊ” ಎಂದರು. ಗದ್ದೆಗೇ ಹೋಗುವುದೆಂದು ತೀರ್ಮಾನಿಸಿದೆವು.

ಮೊದಲ ಗದ್ದೆ ಶ್ರೀರಂಗಪಟ್ಟಣದ ಆಚೆ, ನಾಲೆಯ ಕೆಳಗೆ. ಒಂಬತ್ತು ಹೆಂಗಸರು ಸಾಲು ಹಿಡಿದು ಬಗ್ಗಿದ್ದರು. ನಾನು ಬದುವಿನ ಮೇಲೆ ಹಾಳೆ ಹಿಡಿದು ನಿಂತು, ಅಕ್ಕಾ ಒಂದೆರಡು ಮಾತು ಕೇಳಬೇಕಿತ್ತು ಅಂದೆ. ಯಾರೂ ತಲೆ ಎತ್ತಲಿಲ್ಲ. ಸಾಲಿನ ತುದಿಯಲ್ಲಿದ್ದ ವಯಸ್ಸಾದ ಹೆಂಗಸು ಕೈ ನಿಲ್ಲಿಸದೆ ಹೇಳಿದಳು: “ನಾವು ನಿಂತ್ರೆ ಸಾಲು ನಿಂತೋಯ್ತದೆ. ನಿಂತ್ಕಂಡು ಕೇಳಂಗಿದ್ರೆ ಓಗವ್ವ. ಇಳ್ದು ಬಗ್ಗಿ ಕೇಳು, ಯೋಳ್ತೀನಿ.”

ಸೀರೆಯುಟ್ಟಿರಲಿಲ್ಲ. ಪ್ಯಾಂಟು ಮೊಣಕಾಲಿಗೆ ಮಡಚಿ ಇಳಿದೆ. ಪೈರಿನ ಕಟ್ಟು ಬಿಚ್ಚಿ ಅವಳ ಪಕ್ಕದಲ್ಲಿ ಸಾಲು ಹಿಡಿದೆ. ನನ್ನ ಕೈ ಓಡುವುದನ್ನು ಅವಳು ಓರೆಗಣ್ಣಿನಿಂದ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಾನಾಗಿಯೇ ಶುರು ಮಾಡಿದಳು. ಈ ನಾಟಿಯಲ್ಲಿ ಯಾರ ಗದ್ದೆಗೆ ಹೋಗಿದ್ದಳು, ಯಾವ ವಾರ, ಯಾರು ಅವಳಿಗೆ ಬಂದರು, ಯಾರಿಗೆ ಜ್ವರ ಬಂದು ಬದಲಿಗೆ ಸೊಸೆಯನ್ನು ಕಳಿಸಿದರು, ಎಲ್ಲ ಸಾಲಾಗಿ ಬಂತು. ಮೇಲೆ ಬದುವಿನ ಮೇಲೆ ಶ್ರೀರಂಗಪಟ್ಟಣದವಳು ಬರೆದುಕೊಳ್ಳುತ್ತಿದ್ದಳು. ನಡುವೆ ಇನ್ನೊಬ್ಬಳು, “ಇಲ್ಲ ಕಣತ್ತೆ, ಅದು ಸೋಮ್ವಾರ ಅಲ್ಲ, ಮಂಗ್ಳಾರ” ಎಂದು ತಿದ್ದುತ್ತಿದ್ದಳು. ಅಲ್ಲಿಗೆ ಒಂದು ಕ್ರಮ ಸಿಕ್ಕಿತು. ಒಬ್ಬರು ಕೆಸರಿಗಿಳಿದು ಕೇಳುವುದು, ಇನ್ನೊಬ್ಬರು ಬದುವಿನ ಮೇಲೆ ಬರೆಯುವುದು. ನಾವು ಅವರ ಹೊತ್ತು ತೆಗೆದುಕೊಂಡದ್ದಕ್ಕೆ ನಮ್ಮ ಅರ್ಧ ದಿನದ ಕೆಲಸ. ಅದೂ ಮುಯ್ಯಾಳೇ.

ಎರಡನೆಯ ದಿನ ಶ್ರೀರಂಗಪಟ್ಟಣದವಳು ತಾನೂ ಇಳಿಯುತ್ತೇನೆ ಎಂದು ಹಟ ಹಿಡಿದಳು. ಜೀವನದಲ್ಲಿ ಗದ್ದೆಯ ಕೆಸರು ತುಳಿದವಳಲ್ಲ. ಎರಡು ಬೆರಳಿನಲ್ಲಿ ಒಂದೊಂದೇ ಪೈರು ಹಿಡಿದು ಮೆಲ್ಲಗೆ ಊರುತ್ತಿದ್ದಳು. ಪಕ್ಕದವಳು ನೋಡಿ, “ಏನವ್ವ, ಗಣಪತಿಗೆ ಗರಿಕೆ ಇಡ್ತಾ ಇದ್ದೀಯಾ?” ಎಂದಳು. ಸಾಲಿಗೆ ಸಾಲೇ ನಕ್ಕಿತು. ಅವಳು ನಾಚಿದಳೇ ಹೊರತು ಮೇಲೆ ಹತ್ತಲಿಲ್ಲ. ಅವಳು ನೆಟ್ಟದ್ದನ್ನು ಹಿಂದಿನಿಂದ ಇನ್ನೊಬ್ಬಳು ಕಿತ್ತು ನೆಡುತ್ತಾ ಬಂದಳು, ಆದರೂ ಆ ದಿನ ಆರು ಹಾಳೆ ತುಂಬಿದವು.

ನಾಗಮಂಗಲದ ಕಡೆ ನಾಲೆಯಿಲ್ಲ, ಅಲ್ಲಿ ರಾಗಿಯ ಕಳೆ ಕೀಳುವುದಕ್ಕೆ ಮುಯ್ಯಾಳು. ನಮ್ಮ ಮಾತಿಲ್ಲದ ನಾಗಮಂಗಲದವನು ತನ್ನ ಊರಿನ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಹೆಂಗಸರ ಜೊತೆ ಕಳೆ ಕೀಳುತ್ತಾ ಹರಟಿದ್ದು ಕೇಳಿ ನಾನು ಬೆರಗಾದೆ. ನಾಲ್ಕು ವಾರದಲ್ಲಿ ನಮ್ಮ ಹತ್ತಿರ ಆಡದ ಮಾತನ್ನೆಲ್ಲ ಅವನು ಅಲ್ಲಿ ಆಡಿದ. ನಮ್ಮೂರಿಗೆ ಹೋದಾಗ ಅವ್ವನನ್ನೂ ಕೇಳಿದೆ. ಅವಳು ಎಲ್ಲ ಹೇಳಿ, ಕೊನೆಗೆ, “ಇಷ್ಟ್ ಬರ್ಕಂಡ್ಯಲ್ಲ, ಇದ್ಕೆ ಮಾರ್ಕ್ಸ್ ಕೊಡ್ತಾರಾ?” ಎಂದಳು. ಗೊತ್ತಿಲ್ಲ ಅಂದೆ. ಅದು ಸುಳ್ಳಾಗಿರಲಿಲ್ಲ. ಸೊಂಟ ಬಿದ್ದುಹೋಗಿತ್ತು, ಹಾಳೆಗಳ ಲೆಕ್ಕ ದಿನಕ್ಕೆ ಆರೇಳರ ಮೇಲೆ ಏರುತ್ತಿರಲಿಲ್ಲ. ನೂರೈವತ್ತು ಆಗುವುದಿಲ್ಲ ಎಂಬುದು ಐದನೆಯ ದಿನಕ್ಕೇ ನನಗೆ ಖಚಿತವಾಗಿತ್ತು. ಭಯವಾಗುತ್ತಿತ್ತು. ಆದರೂ ಬೆಳಿಗ್ಗೆ ಎದ್ದು ಮೊದಲ ಬಸ್ಸು ಹಿಡಿಯುವುದನ್ನು ಬಿಡಲಿಲ್ಲ.

ಒಂಬತ್ತನೆಯ ದಿನ ಚಿನಕುರಳಿ, ಪಾಂಡವಪುರದವನ ಸ್ವಂತ ಊರು. ಅವನು ಆ ದಿನ ಬರುವುದಿಲ್ಲ ಎಂದು ನೆಪ ಹುಡುಕಿದ, ನಾನು ಬಿಡಲಿಲ್ಲ. ಸಾಲಿನಲ್ಲಿ ಅವನ ತಾಯಿ ಇದ್ದರು. ಅವನು ಮುಖ ಕೊಡದೆ ಸಸಿಮಡಿಯಿಂದ ಪೈರಿನ ಕಟ್ಟು ಹೊತ್ತು ತರುವ ಕೆಲಸ ಹಿಡಿದ. ನಾನು ಆ ತಾಯಿಯ ಪಕ್ಕ ಸಾಲು ಹಿಡಿದೆ. ಈ ವರ್ಷದ್ದೆಲ್ಲ ಹೇಳಿದ ಮೇಲೆ, ಯಾವತ್ತಾದರೂ ಮುಯ್ಯಿ ತೀರಿಸಲಾಗದೆ ಉಳಿದದ್ದುಂಟಾ ಎಂದು ಕೇಳಿದೆ. ಅದು ನಮ್ಮ ಹೊಸ ಪ್ರಶ್ನೆಗಳಲ್ಲಿ ಒಂದು.

“ಒಂದೇ ವರ್ಸ,” ಎಂದರು ಆಕೆ. “ಇವ್ನು ಹುಟ್ಟಿದ್ ವರ್ಸ. ನಮ್ಮ ಗದ್ದೆಗೆ ಎಲ್ರೂ ಬಂದೋಗಿದ್ರು, ನಂಗೆ ದಿನ ತುಂಬ್ತು. ಮೂರು ಆಳು ಉಳ್ಕಂತು. ಯಾರೂ ಕೇಳ್ನಿಲ್ಲ. ನಂಗೇ ತಡೀನಿಲ್ಲ. ಕೊಯ್ಲಿಗೆ ಇವ್ನ ಎತ್ಕಂಡೋಗಿ ಬದಿನ್ ಮೇಲೆ ಟವಲ್ ಹಾಸಿ ಮಲುಗ್ಸ್‌ಬುಟ್ಟು, ಮೂರು ದಿನ ಕುಯ್ದು ತೀರಿಸ್ದೆ. ಹಾಲು ಕುಡ್ಸಾಕೆ ಒಂದೊಂದ್ ಸಲ ಮೇಲತ್ತೋಳು.”

ಪಾಂಡವಪುರದವನು ಕಟ್ಟು ಹೊತ್ತು ನಮ್ಮ ಹಿಂದೆಯೇ ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ. ಕಟ್ಟನ್ನು ಕೆಳಗಿಟ್ಟ, ವಾಪಸು ಹೋದ. ಅವನ ಮನೆಯ ಹಳೆಯ ಹಾಳೆಯನ್ನು ಅವನೇ ಕೋಣೆಯಲ್ಲಿ ಕೂತು ತುಂಬಿದ್ದ. ಗೃಹಿಣಿ, ಇಲ್ಲ. ಆ ಸಂಜೆ ಕೋಣೆಗೆ ಬಂದವನು ಆ ತಾಯಿಯ ಮಾತಿನ ಪುಟವನ್ನು ತಾನೇ ಬರೆಯುತ್ತೇನೆಂದು ಇಸಿದುಕೊಂಡ.

ಹನ್ನೊಂದು ದಿನಕ್ಕೆ ಅರವತ್ತಾರು ಹೊಸ ಹಾಳೆ. ಹಳೆಯವು ಮೂವತ್ತೊಂದು. ಒಟ್ಟು ತೊಂಬತ್ತೇಳು. ಬಿಟ್ಟ ಹಾಳೆಗಳನ್ನು ನಾನು ಹರಿಯಲಿಲ್ಲ. ದಾರದಲ್ಲಿ ಕಟ್ಟಿ ಪರೀಕ್ಷೆಯ ದಿನ ಕಂಕುಳಲ್ಲಿ ಇಟ್ಟುಕೊಂಡೇ ಹೋದೆ.

ಹಿರಿಯ ಪರೀಕ್ಷಕರು ವರದಿಯ ಮೊದಲ ಪುಟದಲ್ಲೇ ನಿಂತರು. “ನೂರೈವತ್ತು ಎಲ್ಲಿ?”

ಕಟ್ಟನ್ನು ಮೇಜಿನ ಮೇಲಿಟ್ಟೆ. ಅವರು ಒಂದು ಹಾಳೆ ಎಳೆದು ಓದಿದರು. “ಇದರಲ್ಲೇನು ತಪ್ಪಿದೆ? ಎಲ್ಲಾ ತುಂಬಿದೆಯಲ್ಲ.”

“ಅಲ್ಲಿ ‘ಇಲ್ಲ’ ಅಂತ ಇದೆಯಲ್ಲ ಸರ್, ಅದನ್ನ ನಾನು ಕೇಳದೇನೇ ಬರೆದಿದ್ದೀನಿ.”

“ಇದನ್ನೇ ಕೊಟ್ಟಿದ್ದರೆ ನಮಗೆ ಗೊತ್ತಾಗ್ತಿರಲಿಲ್ಲ.”

“ಗೊತ್ತಾಗ್ತಿರಲಿಲ್ಲ ಸರ್.”

ಪಕ್ಕದಲ್ಲಿದ್ದ ಮೇಡಂ ನಮ್ಮ ಅಂಕಪಟ್ಟಿಗಳನ್ನು ನೋಡುತ್ತಾ ಪಾಂಡವಪುರದವನ ಕಡೆ ತಿರುಗಿದರು. “ಈ ಕೊರತೆಗೆ ಅಂಕ ಕಡಿಮೆ ಆಗುತ್ತೆ. ಹೆಚ್ಚು ನಷ್ಟ ನಿಮಗೇ. ನೀವು ಇದಕ್ಕೆ ಒಪ್ಪಿದ್ರಾ?” ಅವನು ಒಪ್ಪಲಿಲ್ಲ ಎಂದರೂ ತಪ್ಪಾಗುತ್ತಿರಲಿಲ್ಲ, ನಿಜವಾಗಿ ಒಪ್ಪಿರಲೂ ಇಲ್ಲ. ಅವನು, “ಆ ಕಟ್ಟಲ್ಲಿ ನಮ್ಮನೆ ಹಾಳೆನೂ ಅದೆ ಮೇಡಂ. ನಾನೇ ತುಂಬಿದ್ದು” ಎಂದ. ಪರೀಕ್ಷಕರು ಒಂದು ಗಂಟೆ ವರದಿಯ ಮೇಲೆ ಪ್ರಶ್ನೆ ಹಾಕಿದರು, ನಾವು ನಾಲ್ವರೂ ಉತ್ತರ ಹೇಳಿದೆವು.

ಫಲಿತಾಂಶಕ್ಕೆ ಹನ್ನೆರಡು ದಿನ ಕಾದೆ. ಆ ಹನ್ನೆರಡು ದಿನ ನಾನು ಮನೆಯಲ್ಲಿ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಪಟ್ಟಿ ಹಾಕಿದ ದಿನ ಹೋಗಿ ನೋಡಿದರೆ ಪಾಸಿನ ಗೆರೆಯ ಮೇಲೆ ಮೂರೇ ಅಂಕ. ಪಾಸು. ಎಂ.ಎ. ಮುಗಿಯಿತು. ನೋಟಿಸ್ ಬೋರ್ಡಿನ ಗಾಜಿಗೆ ಹಣೆ ಒತ್ತಿ ಅತ್ತುಬಿಟ್ಟೆ, ಹಿಂದೆ ಜನ ಇದ್ದದ್ದು ಗೊತ್ತಿದ್ದೂ ಅತ್ತೆ.

ಕಣ್ಣೊರೆಸಿಕೊಂಡು ತಿರುಗಿದಾಗ ಪಾಂಡವಪುರದವನು ನಿಂತಿದ್ದ. ಆ ಅಂಕದಿಂದ ಅವನ ಮೊದಲ ರ‍್ಯಾಂಕು ಹೋಗಿತ್ತು, ಎರಡನೆಯದೂ ಹೋಗಿತ್ತು. “ನನ್ನಿಂದ ನಿಂಗೆ ಇಂಗಾಯ್ತು ಕಣಪ್ಪ” ಎಂದೆ.

“ಊ ಕಣಕ್ಕ, ನಿನ್ನಿಂದ್ಲೇ” ಎಂದ. ಮುಲಾಜು ಅವನಿಗೆ ಯಾವತ್ತೂ ಇರಲಿಲ್ಲ. ಪಟ್ಟಿಯನ್ನು ಇನ್ನೊಮ್ಮೆ ನೋಡಿದ. ನನ್ನ ಕಡೆ ನೋಡದೆಯೇ ಹೇಳಿದ:

“ನಿನ್ನೆ ನಮ್ಮವ್ವಂಗೆ ಆ ಪುಟ ಓದ್ದೆ. ಅವ್ಳು ಯೋಳಿದ್ದು ಇರೋ ಪುಟ. ಕೂತು ಕೇಳುದ್ಲು. ಮುಗುದ್‌ಮ್ಯಾಕೆ, ‘ಇನ್ನೊಂದ್ ಸಲ ಓದು ಕಣ್ಲಾ’ ಅಂದ್ಲು.”